ಉಪವಾಸ, ತಿಥಿನಿರ್ಣಯ ಮತ್ತು ಲಿಂಗನಿಷ್ಠೆ

ಶೋಭಕೃತ್ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. 2023ರಲ್ಲಿ, ಶ್ರಾವಣಮಾಸವು ಎರಡು ಸಲ ಬಂದಿತು. ಜುಲೈ 18ರಿಂದ ಆಗಸ್ಟ್ 16ರ ವರೆಗೆ ಅಧಿಕ ಶ್ರಾವಣ; ಆಗಸ್ಟ್ 17ರಿಂದ ನಿಜ ಶ್ರಾವಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅನೇಕ ಭಕ್ತರ ಮನೆಗಳಲ್ಲಿ ಶ್ರಾವಣ ಸೋಮವಾರದ ಒಪ್ಪೊತ್ತು ತಲೆಮಾರುಗಳಿಂದ ನಡೆದುಬಂದಿರುವ ನಡೆ. ಆ ವರ್ಷ ಸೋಮವಾರಗಳು ನಾಲ್ಕಲ್ಲ, ಎಂಟಾದುವು. ಮೊದಲಿನ ನಾಲ್ಕನ್ನು ಹಿಡಿದವರಿಗೆ ಫಲವುಂಟೋ ಇಲ್ಲವೋ, ಹಿಂದಿನ ನಾಲ್ಕನ್ನೇ ಹಿಡಿಯಬೇಕೋ, ಎಂಟನ್ನೂ ಹಿಡಿಯಬೇಕೋ, ಒಂದು ತಪ್ಪಿದರೆ ಮನೆಗೆ ಕೇಡಾಗುವುದೋ ಎಂಬ ಸಂದೇಹಗಳು ಇಂತಹ ವರ್ಷಗಳಲ್ಲಿ ಹುಟ್ಟುವುದು ಸಹಜವೇ ಸರಿ. ಸಂದೇಹಪಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಶ್ರಾವಣದಲ್ಲಿ ಶೇಂಗಾ, ರಾಗಿಯ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸವನ್ನೂ ಮನೆಯ ಒಲೆಯ ಕೆಲಸವನ್ನೂ ಹೊತ್ತು, ಅದರ ಮೇಲೆ ಉಪವಾಸವನ್ನೂ ಹೊರುವವರು. ಪ್ರಶ್ನೆಯು ಪಂಚಾಂಗದ್ದಾಗಿ ಕಂಡರೂ ಅದರ ಅಡಿಯಲ್ಲಿರುವುದು ಭಯ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವರಿಗೆ ಈ ಭಯವು ಸಲ್ಲುವುದೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಪಂಚಾಂಗವೆಂದರೇನೆಂಬುದನ್ನು ತಿಳಿಯದೆ ಅದನ್ನು ಜರಿಯುವುದು ವಿಚಾರವೆನಿಸದು. ತಿಳಿಯದೆ ಅದಕ್ಕೆ ಅಂಜುವುದೂ ವಿಚಾರವಲ್ಲ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಇವೈದೂ ಕೂಡಿ ಪಂಚಾಂಗ. ಇವುಗಳಲ್ಲಿ ಉಪವಾಸಕ್ಕೆ ಮುಖ್ಯವಾದುದು ತಿಥಿ. ಅಮಾವಾಸ್ಯೆಯಂದು ಸೂರ್ಯನನ್ನು ಕೂಡಿದ ಚಂದ್ರನು ಅವನನ್ನು ಬಿಟ್ಟು ಹನ್ನೆರಡು ಅಂಶದಷ್ಟು ಮುಂದೆ ಸರಿಯುವ ಕಾಲವೇ ಒಂದು ತಿಥಿ. ಹೀಗೆ ಮೂವತ್ತು ತಿಥಿಗಳಲ್ಲಿ ಮುನ್ನೂರರವತ್ತು ಅಂಶಗಳು ಮುಗಿದು ಮತ್ತೆ ಅಮಾವಾಸ್ಯೆ ಬರುವುದು. ಆದರೆ ಚಂದ್ರನ ನಡೆಯು ಒಂದೇ ಸಮನಾದುದಲ್ಲ. ಭೂಮಿಗೆ ಹತ್ತಿರವಾದಾಗ ಬೇಗ ನಡೆಯುವನು, ದೂರವಾದಾಗ ನಿಧಾನವಾಗುವನು. ಆದುದರಿಂದ ಒಂದು ತಿಥಿಯು ಸುಮಾರು ಇಪ್ಪತ್ತು ಗಂಟೆಗಳಲ್ಲಿ ಮುಗಿಯುವುದುಂಟು, ಇಪ್ಪತ್ತಾರೂವರೆ ಗಂಟೆಗಳಿಗೂ ಮೀರಿ ನಿಲ್ಲುವುದುಂಟು. ದಿನವಾದರೋ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಈ ಎರಡು ಅಳತೆಗಳು ಒಂದಕ್ಕೊಂದು ಹೊಂದದೆ ಹೋಗುವುದರಿಂದಲೇ ಒಂದು ತಿಥಿಯು ಎರಡು ಸೂರ್ಯೋದಯಗಳನ್ನು ಮುಟ್ಟಿ ವೃದ್ಧಿಯೆನಿಸುವುದು. ಇಲ್ಲವೇ ಒಂದು ಸೂರ್ಯೋದಯವನ್ನೂ ಮುಟ್ಟದೆ ಕ್ಷಯವೆನಿಸುವುದು.

ಈ ವೃದ್ಧಿಕ್ಷಯಗಳ ಮಿತಿಯ ವಿಷಯದಲ್ಲಿಯೂ ಪಂಡಿತರಲ್ಲಿ ಒಮ್ಮತವಿಲ್ಲ. ಹಳೆಯ ಗಣಿತವನ್ನು ಹಿಡಿದವರು ‘ಬಾಣವೃದ್ಧಿ, ರಸಕ್ಷಯ’ ಎನ್ನುವರು. ಬಾಣವೆಂದರೆ ಐದು, ರಸವೆಂದರೆ ಆರು. ಅರವತ್ತು ಘಳಿಗೆಗೆ ಐದು ಘಳಿಗೆ ಹೆಚ್ಚಬಹುದು, ಆರು ಘಳಿಗೆ ಕುಗ್ಗಬಹುದು ಎಂದು ತಾತ್ಪರ್ಯ. ಆಕಾಶವನ್ನು ಕಂಡಂತೆ ಗಣಿಸಬೇಕೆಂಬ ದೃಗ್ಗಣಿತದವರು ‘ಸಪ್ತವೃದ್ಧಿ, ದಶಕ್ಷಯ’ ಎನ್ನುವರು. ಇದರಿಂದ ಒಂದೇ ಊರಿನ ಎರಡು ಮನೆಗಳಲ್ಲಿ ಗೋಡೆಗೆ ತೂಗುಬಿಟ್ಟ ಎರಡು ಪಂಚಾಂಗಗಳು ಒಂದೇ ತಿಥಿಗೆ ಬೇರೆ ಬೇರೆ ಘಳಿಗೆಯನ್ನು ತೋರಿಸುವುದುಂಟು. ಕೆಲವು ಸಲ ಹಬ್ಬದ ದಿನವೇ ಬೇರೆಯಾಗುವುದುಂಟು. ಸ್ವತಂತ್ರ ಭಾರತದ ಸರ್ಕಾರವು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿ, 1955ರಲ್ಲಿ ಅದರ ವರದಿಯನ್ನು ಪಡೆದು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದುದು ಈ ಗೊಂದಲವನ್ನು ಕಂಡೇ. ಆದರೂ ಜನರ ಹಬ್ಬಗಳು ಹಳೆಯ ದಾರಿಯಲ್ಲೇ ನಡೆದುವು. ರಾಷ್ಟ್ರೀಯ ಪಂಚಾಂಗದ ಚೈತ್ರ, ವೈಶಾಖಗಳು ಸರ್ಕಾರದ ಕಾಗದಗಳಿಗೆ ಸಂದುವೇ ಹೊರತು ಅಡಿಗೆಯ ಮನೆಗೆ ಬರಲಿಲ್ಲ.

ಇನ್ನು ಅಧಿಕಮಾಸ. ಹನ್ನೆರಡು ಚಾಂದ್ರಮಾಸಗಳು ಸುಮಾರು 354 ದಿನಗಳಲ್ಲಿ ತೀರುತ್ತವೆ; ಸೂರ್ಯನ ವರ್ಷಕ್ಕೆ 365 ದಿನಗಳು ಬೇಕು. ವರ್ಷಕ್ಕೆ ಹನ್ನೊಂದು ದಿನಗಳ ಈ ಕೊರತೆಯನ್ನು ಹಾಗೆಯೇ ಬಿಟ್ಟರೆ ಶ್ರಾವಣವು ಮಳೆಗಾಲವನ್ನು ಬಿಟ್ಟು ಬೇಸಗೆಗೆ, ಬೇಸಗೆಯಿಂದ ಚಳಿಗಾಲಕ್ಕೆ ಜಾರುತ್ತ ಹೋಗುವುದು. ಮುಸಲ್ಮಾನ ಬಾಂಧವರ ರಂಜಾನ್ ಮಾಸವು ಹೀಗೆಯೇ ಸುಮಾರು ಮೂವತ್ತಮೂರು ವರ್ಷಗಳಲ್ಲಿ ಋತುಗಳನ್ನೆಲ್ಲ ಒಂದು ಸುತ್ತು ಸುತ್ತಿಬರುವುದು. ಏಕೆಂದರೆ ಅವರದು ಚಂದ್ರನನ್ನು ಮಾತ್ರ ನಂಬಿದ ಎಣಿಕೆ. ಯಹೂದ್ಯರಂತೆ ಈ ದೇಶದವರೂ ಹತ್ತೊಂಬತ್ತು ವರ್ಷಗಳಲ್ಲಿ ಏಳು ಮಾಸಗಳನ್ನು ಹೆಚ್ಚಾಗಿ ಸೇರಿಸಿ ಚಂದ್ರನನ್ನು ಸೂರ್ಯನ ಜೊತೆಗೆ ಹೊಂದಿಸಿಕೊಂಡರು. ಯಾವ ಮಾಸವನ್ನು ಸೇರಿಸತಕ್ಕದ್ದೆಂಬುದಕ್ಕೆ ಇಲ್ಲಿನ ನಿಯಮವು ಅಂದವಾಗಿದೆ: ಎರಡು ಅಮಾವಾಸ್ಯೆಗಳ ನಡುವೆ ಸೂರ್ಯನು ಯಾವ ರಾಶಿಯನ್ನೂ ಹೊಸದಾಗಿ ಪ್ರವೇಶಿಸದಿದ್ದರೆ ಆ ಮಾಸವು ಅಧಿಕ. 2023ರಲ್ಲಿ ಕರ್ಕಾಟಕ ಸಂಕ್ರಮಣವು ಜುಲೈ ತಿಂಗಳ ಅಮಾವಾಸ್ಯೆಗೆ ತುಸು ಮೊದಲೇ ಆಗಿಹೋಯಿತು. ಸಿಂಹ ಸಂಕ್ರಮಣವು ಆಗಸ್ಟ್ ತಿಂಗಳ ಅಮಾವಾಸ್ಯೆ ಕಳೆದ ಮೇಲೆ ಆಯಿತು. ನಡುವಿನ ಮಾಸದಲ್ಲಿ ಸಂಕ್ರಮಣವಿಲ್ಲದ್ದರಿಂದ ಅದು ಅಧಿಕ ಶ್ರಾವಣವೆನಿಸಿತು. ಪರಾಭವ ಸಂವತ್ಸರದಲ್ಲಿ ಇದೇ ಲೆಕ್ಕದಿಂದ 2026ರ ಮೇ 17ರಿಂದ ಜೂನ್ 15ರ ವರೆಗಿನದು ಅಧಿಕ ಜ್ಯೇಷ್ಠ. ಇದರಲ್ಲಿ ಮಲವೂ ಇಲ್ಲ, ಮೈಲಿಗೆಯೂ ಇಲ್ಲ. ಎರಡು ಗಡಿಯಾರಗಳ ಮುಳ್ಳನ್ನು ಸರಿಪಡಿಸಿದಂತೆ ಮನುಷ್ಯನು ಮಾಡಿಕೊಂಡ ಒಂದು ಏರ್ಪಾಡು, ಅಷ್ಟೆ. ಆ ಏರ್ಪಾಡನ್ನು ಮಾಡಿದವರ ಬುದ್ಧಿಗೆ ತಲೆಬಾಗಬೇಕು. ಅದಕ್ಕೆ ಹೆದರಿ ನಡುಗಬೇಕಾಗಿಲ್ಲ.

ಶಿವರಾತ್ರಿಯ ನಿರ್ಣಯವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಹೆಚ್ಚಿನ ವ್ರತಗಳಿಗೆ ಸೂರ್ಯೋದಯದ ತಿಥಿ ಪ್ರಮಾಣವಾದರೆ ಶಿವರಾತ್ರಿಗೆ ನಡುರಾತ್ರಿಯ ತಿಥಿ ಪ್ರಮಾಣ. ಮಾಘ ಬಹುಳ ಚತುರ್ದಶಿಯು ನಿಶೀಥಕಾಲದಲ್ಲಿ ಯಾವ ರಾತ್ರಿಯಿರುವುದೋ ಆ ರಾತ್ರಿಯೇ ಮಹಾಶಿವರಾತ್ರಿ. 2024ರ ಮಾರ್ಚ್ 8ರ ಬೆಳಗ್ಗೆ ಪಂಚಾಂಗವನ್ನು ತೆರೆದವರಿಗೆ ಅಂದು ತ್ರಯೋದಶಿಯೇ ಕಂಡಿತು. ಚತುರ್ದಶಿಯು ಹೊಕ್ಕುದು ರಾತ್ರಿ ಸುಮಾರು ಹತ್ತು ಗಂಟೆಗೆ. ಮರುದಿನ ಸಂಜೆ ಆರರ ಸುಮಾರಿಗೆ ಅದು ಮುಗಿಯಿತು. ಸೂರ್ಯೋದಯಕ್ಕೆ ಚತುರ್ದಶಿಯಿದ್ದ ದಿನ 9ನೆಯ ತಾರೀಖಾದರೂ ಶಿವರಾತ್ರಿಯಾದುದು 8ರಂದು. ಏಕಾದಶಿಯ ವಿಷಯದಲ್ಲಿ ಇದಕ್ಕಿಂತಲೂ ಸೂಕ್ಷ್ಮ ಕಟ್ಟಳೆಗಳುಂಟು. ಅರುಣೋದಯಕ್ಕೆ ದಶಮಿಯ ಸೋಂಕಿದ್ದರೆ ಆ ಏಕಾದಶಿಯು ವೈಷ್ಣವರಿಗೆ ಸಲ್ಲದು, ಸ್ಮಾರ್ತರಿಗೆ ಸಲ್ಲಬಹುದು. ಮರುದಿನ ಪಾರಣೆಗೆ ದ್ವಾದಶಿಯಿರಬೇಕು. ಸಂಕಷ್ಟಿಗೆ ಚಂದ್ರೋದಯ ಬೇಕು. ಹೊಳಲ್ಕೆರೆಯ ಪ್ರಸನ್ನ ಗಣಪತಿಯ ಸನ್ನಿಧಿಗೆ ಬಹುಳ ಚೌತಿಯಂದು ಬರುವವರು ಚಂದ್ರನನ್ನು ಕಂಡಲ್ಲದೆ ಉಣ್ಣುವುದಿಲ್ಲ. ಮೋಡ ಮುಸುಕಿದ ಮಳೆಗಾಲದಲ್ಲಿ ಪಂಚಾಂಗವು ಬರೆದ ಘಳಿಗೆಯನ್ನೇ ಚಂದ್ರನೆಂದು ಭಾವಿಸಿ ಊಟಕ್ಕೆ ಕೂಡುವರು. ಅವರವರ ನಿಷ್ಠೆ ಅವರವರಿಗೆ. ಇದನ್ನು ಹಾಸ್ಯಮಾಡುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ. ಆದರೆ ಶ್ರಾವಣದ ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಉತ್ತರದೇಶದವರಿಗೆ ಮಾಸವು ಹುಣ್ಣಿಮೆಗೆ ಮುಗಿಯುವುದು, ಕನ್ನಡನಾಡಿನವರಿಗೆ ಅಮಾವಾಸ್ಯೆಗೆ. ಆದುದರಿಂದ 2024ರಲ್ಲಿ ಕಾಶಿಯವರು ಜುಲೈ 22ರಂದು ಶ್ರಾವಣದ ಮೊದಲ ಸೋಮವಾರವನ್ನು ಆಚರಿಸಿದಾಗ ಹಿರಿಯೂರಿನವರಿಗೆ ಇನ್ನೂ ಆಷಾಢ. ಇಲ್ಲಿನ ಮೊದಲ ಸೋಮವಾರ ಬಂದುದು ಆಗಸ್ಟ್ 5ರಂದು. ಪುಣ್ಯವು ದಿನದಲ್ಲೇ ಅಡಗಿದ್ದರೆ, ಜುಲೈ 22ರ ಪುಣ್ಯವು ವಿಂಧ್ಯವನ್ನು ದಾಟಿ ಬರಲಾರದೆ ಅಲ್ಲಿಯೇ ನಿಂತಿತೆಂದು ಹೇಳಬೇಕಾದೀತು!

ಬಸವಣ್ಣನವರು ಬೆರಳಿಟ್ಟು ತೋರಿಸಿದ್ದು ಈ ಮರ್ಮವನ್ನೇ. ವಾರಗಳನ್ನೂ ಶಿವರಾತ್ರಿಯನ್ನೂ ಎದುರುನೋಡಿ, ಅಂದು ಮಾತ್ರ ಪೂಜೆಗೆ ಅಣಿಯಾಗುವವರನ್ನು ಸದಾ ಲಿಂಗಸಂಗಿಯಾದ ಭಕ್ತನೊಡನೆ ತೂಗಲು ಅವರು ಒಪ್ಪಲಿಲ್ಲ. ದಿನಕ್ಕೆ ಹಿರಿಮೆ ಕೊಟ್ಟರೆ ಲಿಂಗಕ್ಕೆ ಕಿರಿಮೆ ಬಂದಂತೆ ಎಂಬುದು ಆ ವಚನದ ಹುರುಳು. ಇನ್ನೊಂದೆಡೆ, ಶರಣರ ಶುಭಕಾರ್ಯಕ್ಕೆ ಮುಹೂರ್ತ ಕೇಳಿದರೆ ಗ್ರಹತಾರೆಗಳೆಲ್ಲ ಕೂಡಿಬಂದಿವೆಯೆಂದೇ ಉತ್ತರ ಕೊಡಬೇಕೆಂದು ಅವರು ವಿಧಿಸಿದರು. ಈ ಎರಡು ವಚನಗಳನ್ನು ಒಟ್ಟಿಗೆ ಓದಿದಾಗ ಅವರ ಭಾವವು ತಿಳಿಯುವುದು. ಅವರು ಚಂದ್ರನ ನಡೆಯನ್ನು ಅಲ್ಲಗಳೆಯಲಿಲ್ಲ. ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿದವರಿಗೆ ಮಾಸ, ತಿಥಿ, ವಾರಗಳ ಎಣಿಕೆಯ ಅರಿವು ಇಲ್ಲದಿರುವುದೆಂತು? ಆ ಕಾಲದ ಅನೇಕ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳಿಯೇ ದಾನವನ್ನು ಹೇಳುತ್ತವೆ. ಸಂಕ್ರಮಣ, ಗ್ರಹಣಗಳ ನಿಮಿತ್ತ ಕೊಟ್ಟ ದತ್ತಿಗಳು ಅವುಗಳಲ್ಲಿ ಹೇರಳವಾಗಿವೆ. ಕಾಲವನ್ನು ಅಳೆಯುವುದಕ್ಕೆ ಶರಣರ ಆಕ್ಷೇಪಣೆಯಿರಲಿಲ್ಲ. ಅಳತೆಗೋಲಿಗೆ ಆರತಿಯೆತ್ತುವುದಕ್ಕೆ ಇತ್ತು.

ಇಲ್ಲಿ ಶಬ್ದಗಳ ಮೂಲವನ್ನು ನೋಡುವುದು ವಿಷಯಕ್ಕೆ ನೆರವಾಗುವುದು. ‘ಹಬ್ಬ’ವೆಂಬುದು ಸಂಸ್ಕೃತದ ‘ಪರ್ವ’ದ ತದ್ಭವ. ಪರ್ವವೆಂದರೆ ಗಿಣ್ಣು, ಕಬ್ಬಿನ ಜಲ್ಲೆಯಲ್ಲಿರುವಂತಹ ಸಂದು. ಶುಕ್ಲಪಕ್ಷವೂ ಬಹುಳಪಕ್ಷವೂ ಒಂದನ್ನೊಂದು ಕೂಡುವ ಎಡೆಯೇ ಪರ್ವ, ಅದೇ ಹಬ್ಬ. ‘ಅಮಾವಾಸ್ಯೆ’ಯಲ್ಲಿ ‘ಅಮಾ’ ಎಂದರೆ ಜೊತೆಯಾಗಿ, ‘ವಸ್’ ಎಂದರೆ ವಾಸಮಾಡು. ಸೂರ್ಯಚಂದ್ರರು ಜೊತೆಯಾಗಿ ವಾಸಮಾಡುವ ರಾತ್ರಿ. ಇದೇ ‘ವಸ್’ ಧಾತುವಿನಿಂದಲೇ ‘ಉಪವಾಸ’ವೂ ಹುಟ್ಟಿತು. ‘ಉಪ’ ಎಂದರೆ ಸಮೀಪ. ದೇವರ ಸಮೀಪದಲ್ಲಿ ವಾಸಮಾಡುವುದೇ ಉಪವಾಸ. ಹೊಟ್ಟೆಯನ್ನು ಬರಿದಾಗಿಡುವುದು ಆ ಶಬ್ದದೊಳಗೆ ಎಲ್ಲಿಯೂ ಇಲ್ಲ. ವೈದ್ಯರು ಅದಕ್ಕೆ ಲಂಘನವೆಂದು ಬೇರೆಯ ಹೆಸರನ್ನಿಟ್ಟಿದ್ದಾರೆ. ಜ್ವರ ಬಂದವನು ಮಾಡುವುದು ಲಂಘನ. ಬೆಳಗಿನಿಂದ ಗಡಿಯಾರವನ್ನು ನೋಡುತ್ತ, ಚಂದ್ರನಿನ್ನೂ ಹುಟ್ಟಲಿಲ್ಲವೇ ಎಂದು ಸಿಡುಕುತ್ತ ಕುಳಿತವನು ಮಾಡುವುದೂ ಲಂಘನವೇ.

ಉಪವಾಸದ ಈ ಅರ್ಥವನ್ನು ಲಿಂಗಾಂಗಸಾಮರಸ್ಯದ ಮಾರ್ಗಕ್ಕೆ ಹಿಡಿದು ನೋಡಿದರೆ ತೊಡಕು ಬಿಡಿಸಿಹೋಗುವುದು. ದೂರದಲ್ಲಿರುವವನು ಸಮೀಪಕ್ಕೆ ಬರಲು ದಿನ ನೋಡಬೇಕು. ವೀರಶೈವನ ಲಿಂಗವಾದರೋ ದೀಕ್ಷೆಯ ದಿನದಿಂದ ಅವನ ಎದೆಯ ಮೇಲೆಯೇ ಇರುವುದು. ಶರಣರು ಆಯತ, ಸ್ವಾಯತ, ಸನ್ನಿಹಿತವೆಂದು ಮೂರು ಬಗೆಯನ್ನು ಹೇಳಿದರು. ಗುರುವು ಕರಸ್ಥಲಕ್ಕೆ ಕೊಟ್ಟ ಲಿಂಗವನ್ನು ಅಂಗದ ಮೇಲೆ ಅಳವಡಿಸಿಕೊಳ್ಳುವುದು ಆಯತ. ಅದನ್ನು ಮನಸ್ಸಿನಲ್ಲಿ ನೆಲೆಗೊಳಿಸಿಕೊಳ್ಳುವುದು ಸ್ವಾಯತ. ಎರಡೂ ಬೇರೆಯೆಂಬ ಭಾವವಳಿದು ನಿಂತುದು ಸನ್ನಿಹಿತ. ಸನ್ನಿಹಿತವೆಂಬ ಶಬ್ದಕ್ಕೂ ಸಮೀಪದಲ್ಲಿರುವುದೆಂದೇ ಅರ್ಥ. ಹಾಗಾದರೆ ಉಪವಾಸವು ಲಿಂಗವಂತನಿಗೆ ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿಗಳಲ್ಲ, ನಾಲ್ಕು ಸೋಮವಾರಗಳಲ್ಲ, ಎಡೆಬಿಡದ ನಡೆ.

ಇನ್ನು ಪ್ರಸಾದದ ವಿಷಯ; ಈ ವಿಚಾರದ ಗಂಟು ಇರುವುದು ಇಲ್ಲಿಯೇ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿಸದುದನ್ನು ಉಣ್ಣಲಾಗದು, ಅರ್ಪಿಸಿದುದನ್ನು ಒಲ್ಲೆನೆನ್ನಲಾಗದು. ಅರ್ಪಿತವಾದ ಮೇಲೆ ತಟ್ಟೆಯಲ್ಲಿರುವ ರಾಗಿಯ ಮುದ್ದೆಯು ರಾಗಿಯಲ್ಲ, ಪ್ರಸಾದ. ಇದನ್ನು ನಂಬಿದವನು ಏಕಾದಶಿಯ ಅನ್ನವು ಪಾಪವೆಂದು ಹೇಳಿದರೆ, ಆ ದಿನ ಲಿಂಗಕ್ಕೆ ಅನ್ನವನ್ನು ಶುದ್ಧಗೊಳಿಸುವ ಶಕ್ತಿಯಿಲ್ಲವೆಂದು ಹೇಳಿದಂತಾಯಿತು. ಹತ್ತನೆಯ ತಿಥಿಯಲ್ಲಿ ಪ್ರಸಾದವಾದುದು ಹನ್ನೊಂದನೆಯ ತಿಥಿಯಲ್ಲಿ ವಿಷವಾಗಿ, ಹನ್ನೆರಡನೆಯದರಲ್ಲಿ ಮತ್ತೆ ಪ್ರಸಾದವಾಗುವುದೆಂತು? ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಪಂಚಸೂತಕಗಳನ್ನು ಲಿಂಗವಂತನಿಗಿಲ್ಲವೆಂದು ತೆಗೆದುಹಾಕಿದ ಮಾರ್ಗದಲ್ಲಿ ತಿಥಿಸೂತಕವೊಂದನ್ನು ಹೊಸದಾಗಿ ಸೇರಿಸುವುದು ಯುಕ್ತವಲ್ಲ. ಕನ್ನಡದ ಆಡುಮಾತಿನಲ್ಲಿ ‘ತಿಥಿ’ಯೆಂದರೆ ಸತ್ತವರಿಗೆ ಮಾಡುವ ಕರ್ಮವೆಂದೇ ಅರ್ಥವಾಗಿಬಿಟ್ಟಿದೆ. ಶಿವಗಣಾರಾಧನೆಯನ್ನು ಮಾಡುವ ಮನೆಗಳಲ್ಲಿ ಆ ಶಬ್ದಕ್ಕೆ ಆ ಕಾರ್ಯವೂ ಇಲ್ಲ.

ಹೀಗೆಂದ ಕೂಡಲೆ ಉತ್ಸಾಹಗೊಂಡು, ಶರಣರು ಉಪವಾಸವನ್ನು ಬೇಡವೆಂದಿದ್ದಾರೆಂದು ಸಾರುತ್ತ ಎರಡು ಹೊತ್ತಿನ ಊಟವನ್ನು ಮೂರು ಮಾಡಿಕೊಳ್ಳುವವರೂ ಇದ್ದಾರೆ. ವಚನವನ್ನು ಹೊಟ್ಟೆಯ ಪರವಾಗಿ ವಾದಿಸುವ ವಕೀಲನನ್ನಾಗಿ ಮಾಡಿಕೊಳ್ಳುವುದು ಇದು. ಲಿಂಗಪೂಜೆಯಾಗದೆ ಬಾಯಲ್ಲಿ ನೀರನ್ನೂ ಹಾಕಿಕೊಳ್ಳದ ಹಿರಿಯರು ಈ ಭಾಗದ ಹಳ್ಳಿಗಳ ಹಳೆಯ ಮನೆಗಳಲ್ಲಿ ಇಂದಿಗೂ ಇದ್ದಾರೆ. ಸಂತೆಗೋ ಆಸ್ಪತ್ರೆಗೋ ಹೋಗಿ ಮಧ್ಯಾಹ್ನವಾದರೂ ಪೂಜೆಗೆ ಎಡೆ ಸಿಕ್ಕದಿದ್ದರೆ ಅವರು ಹಸಿದೇ ಇರುವರು. ಇದೂ ಉಪವಾಸವೇ, ಆದರೆ ಪಂಚಾಂಗವು ಹೇಳಿದ್ದಲ್ಲ. ಹುಣ್ಣಿಮೆಯೋ ಅಮಾವಾಸ್ಯೆಯೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಶ್ರಾವಣ ಸೋಮವಾರದಂದು ಅನ್ನವನ್ನು ಬಿಟ್ಟು ಅವಲಕ್ಕಿ, ಸಜ್ಜಿಗೆ, ಬಾಳೆಹಣ್ಣುಗಳನ್ನು ಹೊಟ್ಟೆ ತುಂಬ ತಿಂದು, ಪೂಜೆಯನ್ನು ಮಾತ್ರ ಎರಡು ನಿಮಿಷದಲ್ಲಿ ಮುಗಿಸುವವರು ಈ ಹಿರಿಯರನ್ನು ನೋಡಿ ಕಲಿಯತಕ್ಕದ್ದು ಬಹಳ ಇದೆ.

ಒಂದು ಆಕ್ಷೇಪಣೆಯನ್ನು ಇಲ್ಲಿ ಎತ್ತಬಹುದು, ಎತ್ತಿಯೂ ಇದ್ದಾರೆ. ದಿನಕ್ಕೆ ಹಿರಿಮೆಯಿಲ್ಲವಾದರೆ ಮಠಗಳಲ್ಲಿ ಶಿವರಾತ್ರಿಯ ಜಾಗರಣೆಯೇಕೆ? ಬಸವಜಯಂತಿಯನ್ನು ವೈಶಾಖ ಶುದ್ಧ ತದಿಗೆಯಂದೇ ಮಾಡುವುದೇಕೆ? ಅಲ್ಲಮಪ್ರಭುಗಳ ಜಯಂತಿಯು ಯುಗಾದಿಯಂದು, ಅಕ್ಕಮಹಾದೇವಿಯದು ಚೈತ್ರದ ಹುಣ್ಣಿಮೆಯಂದು. ತಿಥಿಯನ್ನು ನಿರಾಕರಿಸಿದವರನ್ನೇ ತಿಥಿಯಲ್ಲಿ ಕಟ್ಟಿಹಾಕಿದಂತಾಗಲಿಲ್ಲವೇ? ಪ್ರಶ್ನೆಯು ಹಗುರವಾದುದಲ್ಲ. ಆಗಮಗಳನ್ನು ಪ್ರಮಾಣವಾಗಿ ಹಿಡಿದವರು ಶಿವರಾತ್ರಿಯು ಶಿವನೇ ವಿಧಿಸಿದ ವ್ರತವೆಂದು ಉತ್ತರ ಕೊಡುವರು. ವಚನಗಳನ್ನೇ ಪ್ರಮಾಣವಾಗಿ ಹಿಡಿದವರಿಗೆ ಆ ಉತ್ತರವು ಸಾಲದು. ಅವರು ಬೇರೊಂದನ್ನು ಹುಡುಕಬೇಕು. ಅದು ಚಿತ್ರದುರ್ಗ ಸೀಮೆಯ ಇತಿಹಾಸದಲ್ಲಿಯೇ ದೊರೆಯುವುದು.

ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯು 1913ರಲ್ಲಿ ದಾವಣಗೆರೆಯಲ್ಲಿ ಮೊದಲಾಯಿತು. 1997ರಲ್ಲಿ ಬೇರೆ ಜಿಲ್ಲೆಯಾಗುವ ವರೆಗೆ ದಾವಣಗೆರೆಯು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದಿತು. ಅಲ್ಲಿಯ ವಿರಕ್ತಮಠದ ಮೃತ್ಯುಂಜಯ ಅಪ್ಪಗಳು, ಹರ್ಡೇಕರ ಮಂಜಪ್ಪನವರು ಸೇರಿ ಅದನ್ನು ಮೊದಲುಮಾಡಿದರು. ಹರ್ಡೇಕರರು ಗಾಂಧೀಮಾರ್ಗದಲ್ಲಿ ನಡೆದವರು, ಮುಹೂರ್ತದ ಬಲೆಗೆ ಬಿದ್ದವರಲ್ಲ. ಅವರಿಗೆ ಬೇಕಾಗಿದ್ದುದು ಜನರನ್ನು ಒಂದೆಡೆ ಸೇರಿಸುವ ಒಂದು ದಿನ. ಜನರ ಬಾಯಲ್ಲಿ ಆಗಲೇ ಇದ್ದ ಒಂದು ತಿಥಿಯನ್ನು ಅವರು ಆ ಕೆಲಸಕ್ಕೆ ಬಳಸಿಕೊಂಡರು. ಆ ದಿನವೇ ಅಕ್ಷಯ ತದಿಗೆಯಾಗಿರುವುದರಿಂದ ಇತ್ತೀಚೆಗೆ ಪೇಟೆಯಲ್ಲಿ ಚಿನ್ನದ ಅಂಗಡಿಗಳ ಮುಂದೆ ನೆರೆಯುವ ಜನರು ಬಸವಣ್ಣನ ಮೆರವಣಿಗೆಗಿಂತ ಹೆಚ್ಚಾಗಿರುವುದನ್ನು ಕಾಣಬಹುದು; ಅದು ತಿಥಿಯ ತಪ್ಪಲ್ಲ. ಸಿರಿಗೆರೆಯ ಬೃಹನ್ಮಠದ ತರಳಬಾಳು ಹುಣ್ಣಿಮೆಯೂ ಹೀಗೆಯೇ. ಮಾಘ ಶುದ್ಧ ಹುಣ್ಣಿಮೆಗೆ ಮುಗಿಯುವಂತೆ ಒಂಬತ್ತು ದಿನ, ವರ್ಷಕ್ಕೊಂದು ಊರಿನಲ್ಲಿ ಅದು ನಡೆಯುವುದು. ಊರು ಬದಲಾಗುತ್ತದೆ, ಹುಣ್ಣಿಮೆ ಬದಲಾಗುವುದಿಲ್ಲ. ವಿದ್ಯುದ್ದೀಪಗಳಿಲ್ಲದ ಕಾಲದಲ್ಲಿ ಬಂಡಿ ಕಟ್ಟಿಕೊಂಡು ರಾತ್ರಿಯೆಲ್ಲ ದಾರಿ ನಡೆಯುವವರಿಗೆ ಬೆಳುದಿಂಗಳಿನ ಉಪಯೋಗವೇನೆಂಬುದನ್ನು ವಿವರಿಸಬೇಕಾಗಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವವು ಮಾಘಮಾಸದಲ್ಲಿ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಫಾಲ್ಗುಣ ಬಹುಳದ ಚಿತ್ತಾ ನಕ್ಷತ್ರದಲ್ಲಿ. ಎರಡೂ ಸುಗ್ಗಿ ಮುಗಿದು ಬಿತ್ತನೆ ಇನ್ನೂ ಬಾರದ ಬಿಡುವಿನ ದಿನಗಳು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠವು ತನ್ನ ನಾಟಕೋತ್ಸವವನ್ನು ನವೆಂಬರ್ ತಿಂಗಳೆಂದು ಇಂಗ್ಲಿಷ್ ಲೆಕ್ಕದಿಂದಲೇ ನಡೆಸಿಕೊಂಡು ಬಂದಿದೆ. ಅದರಿಂದ ಅದರ ಶೋಭೆಯೇನೂ ಕುಂದಲಿಲ್ಲ. ಅದೇ ಮಠದ ಮುಂದಾಳುತನದಲ್ಲಿ 2019ರ ಆಗಸ್ಟ್ ತಿಂಗಳೆಲ್ಲ ‘ಮತ್ತೆ ಕಲ್ಯಾಣ’ವೆಂಬ ಅಭಿಯಾನವು ನಾಡಿನಾದ್ಯಂತ ನಡೆಯಿತು. ಆ ವರ್ಷ ಶ್ರಾವಣವೂ ಹೆಚ್ಚುಕಡಮೆ ಅದೇ ತಿಂಗಳಿ‍ನಲ್ಲಿ ಬಂದಿದ್ದಿತು.

ಆದುದರಿಂದ ತಿಥಿಗೆ ಎರಡು ಉಪಯೋಗಗಳನ್ನು ಬೇರ್ಪಡಿಸಿ ನೋಡಬೇಕು. ಕೂಡುವುದಕ್ಕೆ ಗೊತ್ತುಮಾಡಿಕೊಂಡ ದಿನವೆಂದಾದರೆ ಅದು ಸಮಾಜಕ್ಕೆ ಬೇಕು. ತಪ್ಪಿದರೆ ಶಿವನು ಮುನಿಯುವ ದಿನವೆಂದಾದರೆ ಅದು ಲಿಂಗನಿಷ್ಠೆಗೆ ಕೊಡಲಿಪೆಟ್ಟು. ಶಿವರಾತ್ರಿಯಂದು ಮಠದಲ್ಲಿ ನೂರಾರು ಜನರೊಡನೆ ಕುಳಿತು ವಚನಗಾಯನವನ್ನು ಕೇಳುತ್ತ ರಾತ್ರಿ ಕಳೆದವನು ಮನೆಯಲ್ಲಿ ಒಬ್ಬನೇ ಪಡೆಯಲಾರದ ಒಂದನ್ನು ಪಡೆಯುತ್ತಾನೆ. ಅದನ್ನು ಕೊಟ್ಟುದು ಚತುರ್ದಶಿಯಲ್ಲ, ಶರಣಸಂಗ.

ಹಸಿವಿನ ವಿಷಯವನ್ನು ಹೇಳದೆ ಈ ಸೀಮೆಯಲ್ಲಿ ಉಪವಾಸದ ಮಾತನ್ನು ಮುಗಿಸಲಾಗದು. ಇದು ಮಳೆ ಕಡಿಮೆಯಾದ ನಾಡು. 1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರಗಾಲವು ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದುದು. 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿದ್ದಿತು. ಆ ಎರಡು ಸಂವತ್ಸರಗಳಲ್ಲಿ ಜನರು ಮಾಡಿದ ಉಪವಾಸಕ್ಕೆ ಯಾವ ತಿಥಿಯೂ ಇರಲಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದುದು 2022ರಲ್ಲಿ. ಅರವತ್ತು ಸಂವತ್ಸರಗಳ ಒಂದು ಚಕ್ರವು ಪೂರ್ತಿ ಉರುಳಿ ಮತ್ತೊಂದು ಅರ್ಧದಷ್ಟು ಸಾಗಿತ್ತು. ಇಲ್ಲಿನ ಒಕ್ಕಲಿಗನು ನಿಜವಾಗಿ ನೋಡುವುದು ಮೃಗಶಿರ, ಆರಿದ್ರೆ ಮುಂತಾದ ಮಳೆನಕ್ಷತ್ರಗಳನ್ನು. ಅವು ಸೂರ್ಯನ ಲೆಕ್ಕದವು. ಪ್ರತಿವರ್ಷವೂ ಮೃಗಶಿರವು ಜೂನ್ ತಿಂಗಳ ಏಳೆಂಟನೆಯ ತಾರೀಖಿಗೆ, ಆರಿದ್ರೆಯು ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಹೂಡುವುವು. ಬಿತ್ತುವುದಕ್ಕೆ ಸೂರ್ಯ, ಹಬ್ಬಕ್ಕೆ ಚಂದ್ರ, ಸಂಬಳಕ್ಕೂ ಶಾಲೆಗೂ ಇಂಗ್ಲಿಷ್ ತಾರೀಖು ಎಂದು ಮೂರು ಲೆಕ್ಕಗಳನ್ನು ಅವನು ತೊಡಕಿಲ್ಲದೆ ಇಟ್ಟುಕೊಂಡಿದ್ದಾನೆ. ಮೂರರಲ್ಲಿ ಒಂದಕ್ಕೆ ಮಾತ್ರ ಅಂಜಬೇಕೆಂದು ಅವನಿಗೆ ಕಲಿಸಿದವರು ಯಾರು?

ಆಯ್ದಕ್ಕಿ ಲಕ್ಕಮ್ಮನ ಕಥೆಯು ಎಲ್ಲರಿಗೂ ತಿಳಿದುದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಆಕೆ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಆಕೆಯ ಪಂಚಾಂಗದಲ್ಲಿದ್ದುದು ‘ಇಂದು’ ಎಂಬ ಒಂದೇ ದಿನ. ಶ್ರಾವಣದ ಒಪ್ಪೊತ್ತಿನಿಂದ ಉಳಿದ ಅಕ್ಕಿ, ರಾಗಿಯನ್ನು ಅಳೆದು ಮಠದ ದಾಸೋಹಕ್ಕೋ ಹಸಿದ ನೆರೆಮನೆಗೋ ಕೊಡುವವರ ಉಪವಾಸವು ಲಕ್ಕಮ್ಮನ ದಾರಿಯಲ್ಲಿದೆಯೆನ್ನಬಹುದು. ಉಳಿದುದನ್ನು ಮಂಗಳವಾರಕ್ಕೆ ಕೂಡಿಸಿ ಉಣ್ಣುವವರದು ಬರಿಯ ಮುಂದೂಡಿಕೆ.

ಸೋಮವಾರದ ಇನ್ನೊಂದು ರೂಢಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಲಾಗದು. ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ, ಅಮಾವಾಸ್ಯೆಯಂದೂ ಇಡುವುದಿಲ್ಲ. ಮಾತಾಡಲಾರದ ಪ್ರಾಣಿಗೆ ವಾರಕ್ಕೊಂದು ದಿನ ಬಿಡುವು ಕೊಡಲು ಹಿರಿಯರು ಬಸವನ ವಾರವೆಂಬ ಹೆಸರನ್ನು ಹಿಡಿದರು. ದಿನವನ್ನು ದಯೆಗೆ ಬಳಸಿದ ಬಗೆ ಇದು. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳೇ ಕಡಮೆಯಾಗಿವೆ. ಇರುವವಕ್ಕಾದರೂ ಆ ಬಿಡುವು ಸಲ್ಲಬೇಕು. ಆದರೆ ಎತ್ತಿಗೆ ಬಿಡುವು ಕೊಟ್ಟ ಅದೇ ಸೋಮವಾರ ಮನೆಯ ಸೊಸೆಯು ಹಸಿದ ಹೊಟ್ಟೆಯಲ್ಲಿ ಕಳೆ ಕೀಳಲು ಹೋಗುವುದಾದರೆ, ದಯೆಯು ಕೊಟ್ಟಿಗೆಯ ಬಾಗಿಲಲ್ಲಿಯೇ ನಿಂತಿತೆಂದು ತಿಳಿಯಬೇಕು.

ಇಷ್ಟರ ಮೇಲೆ ನಡೆಯಲ್ಲಿ ಏನು ಮಾಡತಕ್ಕದ್ದೆಂಬುದು ಕಷ್ಟವಲ್ಲ. ಒಪ್ಪೊತ್ತು ಹಿಡಿಯುವ ಮನಸ್ಸೂ ಮೈಯೂ ಉಳ್ಳವರು ಹಿಡಿಯಲಿ. ಅಧಿಕವೋ ನಿಜವೋ ಎಂದು ಕಂಗೆಡಬೇಕಾಗಿಲ್ಲ. ಊರೆಲ್ಲ ನಿಜ ಶ್ರಾವಣವನ್ನು ಹಿಡಿದರೆ ಊರೊಡನೆ ಹಿಡಿಯುವುದು ಚೆನ್ನು, ಕೂಡಿ ಮಾಡುವುದಕ್ಕೆ ಅನುಕೂಲವಾಗುವುದರಿಂದ. ಬಸುರಿಯರು, ಬಾಣಂತಿಯರು, ಸಕ್ಕರೆಯ ಕಾಯಿಲೆಯುಳ್ಳವರು, ಔಷಧವನ್ನು ಊಟದೊಡನೆ ತೆಗೆದುಕೊಳ್ಳಬೇಕಾದವರು, ಬಿಸಿಲಿನಲ್ಲಿ ಕೂಲಿ ಮಾಡುವವರು ಹೊತ್ತಿಗೆ ಸರಿಯಾಗಿ ಲಿಂಗಕ್ಕೆ ಅರ್ಪಿಸಿ ಪ್ರಸಾದವನ್ನು ಸ್ವೀಕರಿಸತಕ್ಕದ್ದು. ಅವರಿಗೆ ಅದೇ ವ್ರತ. ಹರಕೆಯ ಸೋಮವಾರವೊಂದು ತಪ್ಪಿತೆಂದು ಅತ್ತೆಯು ಸೊಸೆಯನ್ನು ನೋಯಿಸುವುದು ಸೋಮವಾರ ತಪ್ಪಿದ್ದಕ್ಕಿಂತ ದೊಡ್ಡ ತಪ್ಪು. ಶಿವರಾತ್ರಿಯ ರಾತ್ರಿ ಜಾಗರವಿದ್ದವರು ಮರುದಿನ ಚತುರ್ದಶಿ ಎಷ್ಟು ಘಳಿಗೆಯವರೆಗೆ ಇರುವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬೆಳಗಾದ ಮೇಲೆ ಮಿಂದು, ವಿಭೂತಿಯನ್ನು ಧರಿಸಿ, ಲಿಂಗಪೂಜೆಯನ್ನು ಮುಗಿಸಿ, ಮನೆಯಲ್ಲಿ ಏನು ಬೆಂದಿರುವುದೋ ಅದನ್ನು ಅರ್ಪಿಸಿ ಉಣ್ಣಬಹುದು.